ಟಿಲ್ಲರ್ ಅಂದರೆ ಯಾವ ಟಿಲ್ಲರ್? ಮಲೆನಾಡಿನ ಗದ್ದೆ, ಹೊಲ, ತೋಟಕ್ಕೆ ಉಳುಮೆ ಸಲಕರಣೆ ಆರಿಸುವ ಬಗೆ

ನಾಲ್ಕು ವರ್ಷದ ಹಿಂದಿನ ಮಾತು. ಆರಿದ್ರಾ ಮಳೆ ಚೆನ್ನಾಗಿ ಹಿಡಿದಿತ್ತು. ನಮ್ಮೂರಿನ ಟಿಲ್ಲರ್‌ಗಳೆಲ್ಲ ಯಾರ್ಯಾರದೋ ಗದ್ದೆಯಲ್ಲಿದ್ದವು. ಬಯಲುಸೀಮೆ ಕಡೆಯ ಪರಿಚಯದವರೊಬ್ಬರಿಗೆ ಫೋನ್ ಮಾಡಿ "ನಾಳೆ ಒಂದು ಟಿಲ್ಲರ್ ಬೇಕಿತ್ತು, ಒಂದೂವರೆ ಎಕರೆ" ಅಂದೆ. "ಆತು ಬಿಡ್ರಿ, ಬೆಳಿಗ್ಗೆ ಬರ್ತೈತಿ" ಅಂದರು.

ಬೆಳಿಗ್ಗೆ ದಣಪೆ, ಅಂದರೆ ಬೇಲಿಯ ಬಾಗಿಲಿನ ಎದುರು ಬಂದು ನಿಂತಿದ್ದು 45 ಎಚ್‌ಪಿ ಟ್ರ್ಯಾಕ್ಟರ್. ಅದರ ಬೆನ್ನಿಗೆ ಒಂಬತ್ತು ಹಲ್ಲಿನ ಕಲ್ಟಿವೇಟರ್. ನನಗೆ ಬೇಕಿದ್ದದ್ದು ಹಿಂದೆ ನಡೆದುಕೊಂಡು ಹೋಗುವ ಪವರ್ ಟಿಲ್ಲರ್. ಈ ಗಾಡಿ ದಣಪೆಯಲ್ಲೇ ತೂರುವುದಿಲ್ಲ, ಇನ್ನು ಮೆಟ್ಟಿಲು ಮೆಟ್ಟಿಲಾಗಿರುವ ಗದ್ದೆಗೆ ಇಳಿಯುವುದೆಲ್ಲಿಂದ? "ನೀವೇ ಟಿಲ್ಲರ್ ಅಂದ್ರಂತಲ್ಲಣ್ಣ" ಅಂತ ಡ್ರೈವರ್ ಹುಡುಗ ನಕ್ಕ. ಅವನದೇನೂ ತಪ್ಪಿರಲಿಲ್ಲ. ಅವರ ಕಡೆ ಟ್ರ್ಯಾಕ್ಟರ್ ಹಿಂದಿನ ಕಲ್ಟಿವೇಟರ್‌ಗೇ ಟಿಲ್ಲರ್ ಅನ್ನುತ್ತಾರೆ. ಕಂಪನಿಯವರ ಪುಸ್ತಕದಲ್ಲೂ ಎಷ್ಟೋ ಸಲ ಹಾಗೇ ಅಚ್ಚಾಗಿರುತ್ತದೆ. ಚಹಾ ಕೊಟ್ಟು, ಡೀಸೆಲ್ ಕಾಸು ಕೊಟ್ಟು ವಾಪಸ್ ಕಳಿಸಿದೆ. ಎರಡು ದಿನದ ಹದ ಹೋಯಿತು.

ಅವತ್ತಿನಿಂದ ಸಲಕರಣೆಯ ಹೆಸರು ಹೇಳಿ ಕರೆಸುವುದನ್ನು ಬಿಟ್ಟಿದ್ದೇನೆ. ಮಣ್ಣಿಗೆ ಏನಾಗಬೇಕು ಅಂತ ಹೇಳುತ್ತೇನೆ. ಮಗುಚಬೇಕೋ, ಸಡಿಲ ಆಗಬೇಕೋ, ಪುಡಿ ಆಗಬೇಕೋ, ಕೆಸರಾಗಬೇಕೋ, ಮಟ್ಟ ಆಗಬೇಕೋ. ಉಳುಮೆ ಸಲಕರಣೆಗಳೆಲ್ಲ ಹೆಚ್ಚುಕಮ್ಮಿ ಈ ಐದು ಕೆಲಸದೊಳಗೇ ಬರುತ್ತವೆ.

ಮೊದಲು ಹೆಸರಿನ ಗಂಟು ಬಿಡಿಸೋಣ

ಉಳುವುದಕ್ಕೇ ಎಷ್ಟು ಮಾತಿದೆ ನೋಡಿ. ತೀರ್ಥಹಳ್ಳಿ, ಹೊಸನಗರದ ಕಡೆ ಅದು ಹೂಟಿ. ಹಳೇ ಮೈಸೂರಿನ ಕಡೆ ಉಕ್ಕೆ. ಸೊರಬ, ಶಿಕಾರಿಪುರ ದಾಟಿ ಹಾವೇರಿ ಮುಟ್ಟುವಷ್ಟರಲ್ಲಿ ರಂಟೆ ಹೊಡೆಯುವುದು, ಹರಗುವುದು ಶುರುವಾಗುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆಯವರು ಮಡಿಕೆ ಹೊಡೆಯುತ್ತಾರೆ. ಇವೆಲ್ಲ ಎತ್ತಿನ ಕಾಲದ ಮಾತುಗಳು. ಟ್ರ್ಯಾಕ್ಟರ್ ಬಂದಮೇಲೆ ಇವುಗಳ ಮೇಲೆ ಇಂಗ್ಲಿಷ್ ಹೆಸರು ಕೂತವು, ಅಷ್ಟೇ.

ಎಂಬಿ ನೇಗಿಲು: ಎಂಬಿ ಅಂದರೆ ಮೋಲ್ಡ್‌ಬೋರ್ಡ್, ಪುಸ್ತಕದಲ್ಲಿ ರೆಕ್ಕೆ ನೇಗಿಲು ಅಂತಿರುತ್ತದೆ. ಬಾಗಿದ ಉಕ್ಕಿನ ಹಲಗೆ ಮಣ್ಣನ್ನು ಕತ್ತರಿಸಿ ಮಗುಚಿ ಹಾಕುತ್ತದೆ. ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಎಂಟರಿಂದ ಹನ್ನೆರಡು ಇಂಚು ಆಳಕ್ಕೆ ಹೋಗುತ್ತದೆ. ಹೋಗಿ ಬರುವಾಗ ತಿರುಗಿಸಿಕೊಳ್ಳುವಂಥದ್ದು ಬಂದಿದೆಯಲ್ಲ, ಅದು ಪಲ್ಟಿ ನೇಗಿಲು. "ಪಲ್ಟಿ ಹೊಡೆಸ್ಬೇಕು" ಅಂದರೆ ಇದೇ. ಎರಡು ಗುಳದ್ದನ್ನು ಎಳೆಯಲು 40 ಎಚ್‌ಪಿ ಆಸುಪಾಸಿನ ಗಾಡಿ ಬೇಕು.

ಡಿಸ್ಕ್ ನೇಗಿಲು: ದೊಡ್ಡ ತಟ್ಟೆ ಎರಡೋ ಮೂರೋ ಓರೆಯಾಗಿ ಕೂತಿರುತ್ತವೆ. ಕಲ್ಲು, ಬೇರು, ಗಟ್ಟಿ ನೆಲಕ್ಕೆ ಇದು. ರೆಕ್ಕೆ ನೇಗಿಲಿನ ಗುಳ ಕಲ್ಲಿಗೆ ಸಿಕ್ಕರೆ ಮುರಿಯುತ್ತದೆ. ತಟ್ಟೆ ಉರುಳಿಕೊಂಡು ಹತ್ತಿ ಇಳಿಯುತ್ತದೆ. ಜಂಬಿಟ್ಟಿಗೆ (ಮುರಕಲ್ಲು) ಚೂರು ತುಂಬಿದ ಹಕ್ಕಲನ್ನು, ಅಂದರೆ ಉಳದೆ ಬಿಟ್ಟ ನೆಲವನ್ನು ಮೊದಲ ಸಲ ಒಡೆಯುವಾಗ ಇದನ್ನೇ ಕರೆಸಿ. ಹ್ಯಾರೋ ಬೇರೆ. ಅದರಲ್ಲಿ ಸಣ್ಣ ತಟ್ಟೆಗಳು ಸಾಲಾಗಿ ಎರಡು ದಂಡಿಗೆ ಕೂತಿರುತ್ತವೆ. ಅದು ಹೆಂಟೆ ಒಡೆಯಲು, ಹಳೆ ಬೆಳೆಯ ಕೂಳೆ ಕತ್ತರಿಸಲು. ಜನ ಎರಡಕ್ಕೂ "ಡಿಸ್ಕ್" ಅಂದುಬಿಡುತ್ತಾರೆ. ದೊಡ್ಡ ತಟ್ಟೆಯೋ ಸಣ್ಣ ತಟ್ಟೆಯೋ ಅಂತ ಕೇಳಿಕೊಳ್ಳಿ.

ಕಲ್ಟಿವೇಟರ್: ಐದು ಹಲ್ಲು, ಏಳು ಹಲ್ಲು, ಒಂಬತ್ತು ಹಲ್ಲು. ಕೆಲವರು ಹಲ್ಲು ಅನ್ನದೆ ಗುಳ ಅನ್ನುತ್ತಾರೆ. ಇದು ಮಣ್ಣನ್ನು ಮಗುಚುವುದಿಲ್ಲ, ಗೀರಿ ಸಡಿಲ ಮಾಡುತ್ತದೆ. ನಾಲ್ಕರಿಂದ ಆರು ಇಂಚು ಆಳ. ನಮ್ಮ ಮರದ ನೇಗಿಲಿನ ಕೆಲಸಕ್ಕೆ ಹತ್ತಿರದ್ದು ಇದೇ. ಸ್ಪ್ರಿಂಗ್ ಇರುವುದು, ಇಲ್ಲದ್ದು ಎರಡು ಬಗೆ. ಮಲೆನಾಡಿಗೆ ಸ್ಪ್ರಿಂಗ್‌ದೇ ಸೈ. ಬೇರು ಅಡ್ಡ ಬಂದರೆ ಹಲ್ಲು ಹಿಂದಕ್ಕೆ ಬಾಗಿ ಮತ್ತೆ ಜಾಗಕ್ಕೆ ಬರುತ್ತದೆ. ಸ್ಪ್ರಿಂಗ್ ಇಲ್ಲದಿದ್ದರೆ ಬೇರೋ ಕೀಳಬೇಕು, ಹಲ್ಲೋ ಬಾಗಬೇಕು.

ಹಲ್ಲಿನ ತುದಿಗೆ ಒಂದು ಪಟ್ಟಿ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಎರಡೂ ತುದಿ ಚೂಪು. ಕೆಳಗಿನ ತುದಿ ಸವೆದು ಮೊಂಡಾದರೆ ಬೋಲ್ಟ್ ಬಿಚ್ಚಿ ತಲೆಕೆಳಗು ಮಾಡಿ ಕಟ್ಟಿದರೆ ಹೊಸದರಂತೆ. ಇದು ಗೊತ್ತಿಲ್ಲದೆ ಅರ್ಧ ಆಯಸ್ಸಿನ ಪಟ್ಟಿಯನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ.

ರೋಟಾವೇಟರ್: ಬಾಯಲ್ಲಿ ರೋಟರ್, ರೋಟಾ. ಟ್ರ್ಯಾಕ್ಟರಿನ ಪಿಟಿಒ, ಅಂದರೆ ಎಂಜಿನ್ ಶಕ್ತಿಯನ್ನು ಹಿಂದಿನ ಸಲಕರಣೆಗೆ ಕೊಡುವ ಶಾಫ್ಟ್‌ನಿಂದ ತಿರುಗುವ ಬ್ಲೇಡುಗಳು ಮಣ್ಣನ್ನು ಕೊಚ್ಚಿ ಪುಡಿ ಮಾಡುತ್ತವೆ. ಐದು ಅಡಿಯದ್ದರಲ್ಲಿ ಸಾಮಾನ್ಯವಾಗಿ 36 ಬ್ಲೇಡು, ಆರು ಅಡಿಯದ್ದರಲ್ಲಿ 42. ಇವತ್ತು ಎಲ್ಲರಿಗೂ ಇದೇ ಬೇಕು. ಒಂದೇ ಸಲಕ್ಕೆ ನೆಲ ರವೆ ಥರ ಆಗುತ್ತದೆ, ನೋಡಲು ಚೆಂದ. ನನಗೆ ಮಾತ್ರ ಇದರ ಮೇಲೆ ಸ್ವಲ್ಪ ತಕರಾರಿದೆ. ವರ್ಷವರ್ಷ ಬರೀ ರೋಟರ್ ಹೊಡೆದರೆ ಬ್ಲೇಡು ಮುಟ್ಟುವ ಆಳದ ಕೆಳಗೆ ಮಣ್ಣು ಹಲಗೆಯಂತೆ ಗಟ್ಟಿಯಾಗುತ್ತದೆ. ಮೇಲಿನ ರವೆ ಮಣ್ಣು ನಮ್ಮ ಮಳೆಗೆ ತೊಳೆದು ಹಳ್ಳ ಸೇರುತ್ತದೆ. ಇಳಿಜಾರು ಹೊಲಕ್ಕಂತೂ ಕಮ್ಮಿ ಹೊಡೆದಷ್ಟೂ ಒಳ್ಳೇದು.

ಕುಂಟೆ, ಹಲುಬೆ, ಹಲಗೆ: ಕುಂಟೆಗೆ ಅಡ್ಡಡ್ಡ ಉದ್ದದ ಅಲಗು, ಅದನ್ನು ಕುಡ ಅನ್ನುತ್ತಾರೆ. ಮಣ್ಣಿನ ಕೆಳಗೆ ತೆಳ್ಳಗೆ ಹೋಗಿ ಕಳೆ ಕತ್ತರಿಸುತ್ತದೆ. ಸಾಲಿನ ನಡುವೆ ಹೊಡೆಯುವ ಸಣ್ಣದು ಎಡೆಕುಂಟೆ. ಹಲುಬೆ ತುಮಕೂರು, ಹಾಸನದ ರಾಗಿ ಹೊಲದ ಮಾತು, ಹಲ್ಲುಗಳ ಹಣಿಗೆ ಇದ್ದಂತೆ. ಹಲಗೆ ಮಟ್ಟ ಮಾಡಲು. ಕೆಲವು ಕಡೆ ಮರ, ಕೊರಡು ಅನ್ನುವುದೂ ಇದನ್ನೇ. ಈ ಮೂರಕ್ಕೂ ಟ್ರ್ಯಾಕ್ಟರ್ ರೂಪ ಬಂದಿದೆ. ಹಲಗೆಗೆ ಮಾತ್ರ ಎಷ್ಟೋ ಜನ ಇವತ್ತಿಗೂ ಅಡಿಕೆ ಮರದ ತುಂಡನ್ನೇ ಕಟ್ಟಿ ಎಳೆಸುತ್ತಾರೆ.

ಕೇಜ್‌ವೀಲ್: ಕೆಸರಿಗೆ ಹಾಕುವ ಕಬ್ಬಿಣದ ಪಂಜರ ಚಕ್ರ. ಹೂತುಹೋಗದಂತೆ ಹಿಡಿಯುತ್ತದೆ, ಜೊತೆಗೆ ಕೆಸರನ್ನೂ ಕಲಸುತ್ತದೆ. ಇದನ್ನು ಹಾಕಿಕೊಂಡು ಟಾರ್ ರಸ್ತೆಗೆ ಹತ್ತಬೇಡಿ. ರಸ್ತೆ ಕಿತ್ತು ಹೋಗುತ್ತದೆ, ಕೇಸೂ ಬೀಳಬಹುದು. ಗದ್ದೆ ಬಳಿ ಬಂದು ಕಟ್ಟಿ, ಅಲ್ಲೇ ಬಿಚ್ಚಿ.

ಹೆಜ್ಜೆ 1: ನಿಮ್ಮ ನೆಲ ಯಾವುದು?

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಅದೇ ಜಿಲ್ಲೆಯ ಶಿಕಾರಿಪುರದ ಕಡೆ ಸಾವಿರದ ಆಸುಪಾಸು. ಒಂದೇ ಜಿಲ್ಲೆ ಅಂತ ಒಂದೇ ಸಲಕರಣೆ ನಡೆಯುವುದಿಲ್ಲ.

ಬೈಲುಗದ್ದೆ ಅಂದರೆ ಕಣಿವೆಯ ತಳದ್ದು, ನೀರು ನಿಲ್ಲುವಂಥದ್ದು. ಅಲ್ಲಿ ಮಣ್ಣು ಮೆತ್ತಗೆ, ಭಾರದ ಗಾಡಿ ಹೂತುಕೊಳ್ಳುತ್ತದೆ. 12–15 ಎಚ್‌ಪಿಯ ಪವರ್ ಟಿಲ್ಲರ್ ಅಥವಾ ಮಿನಿ ಟ್ರ್ಯಾಕ್ಟರ್ ಸಾಕು. ಮಕ್ಕಿಗದ್ದೆ ಮೇಲಿನದ್ದು, ಮಳೆ ನಂಬಿದ್ದು. ದಾರಿ ಇದ್ದರೆ ಅಲ್ಲಿ ಟ್ರ್ಯಾಕ್ಟರ್ ಕಲ್ಟಿವೇಟರ್ ಓಡುತ್ತದೆ. ಶಿವಮೊಗ್ಗ, ಭದ್ರಾವತಿಯ ಚಾನೆಲ್ ಕೆಳಗಿನ ಗದ್ದೆಗಳು ಅಗಲವಾಗಿವೆ, 45–50 ಎಚ್‌ಪಿ ಗಾಡಿ ಆರಾಮಾಗಿ ತಿರುಗುತ್ತದೆ. ಗಾಡಿ ಕರೆಸುವ ಮೊದಲು ದಣಪೆಯ ಅಗಲ, ದಾರಿಯ ಮೋರಿ, ತಿರುಗುವ ಜಾಗ ಮೂರನ್ನೂ ಹೆಜ್ಜೆ ಹಾಕಿ ಅಳೆಯಿರಿ. ಆರು ಅಡಿ ರೋಟರ್‌ಗೆ ಏಳೂವರೆ ಅಡಿ ಬಾಯಿ ಬೇಕು.

ಹೆಜ್ಜೆ 2: ಹದ ನೋಡುವುದು

ಒಣ ಉಳುಮೆಗೆ ಇದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ. ನಾಲ್ಕೈದು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಿರಿ. ಮೇಲಿನದ್ದಲ್ಲ, ಅದು ಬಿಸಿಲಿಗೆ ಮೋಸ ಮಾಡುತ್ತದೆ. ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಉಂಡೆ ಕಟ್ಟಲೇ ಇಲ್ಲವೆಂದರೆ ನೆಲ ಒಣಗಿದೆ, ಉತ್ತರೆ ಹೆಂಟೆ ಏಳುತ್ತದೆ ಇಲ್ಲವೇ ಧೂಳೇಳುತ್ತದೆ. ಕಟ್ಟಿತೆಂದರೆ ಸೊಂಟದ ಎತ್ತರದಿಂದ ಬಿಡಿ. ಬಿದ್ದು ಪುಡಿಯಾದರೆ ಹದ. ಅಂಗಾತ ಬಿದ್ದ ರೊಟ್ಟಿಯಂತೆ ಚಪ್ಪಟೆಯಾದರೆ ಕಾಯಿರಿ. ಅಂಗೈಗೆ ಎಣ್ಣೆ ಸವರಿದಂತೆ ಮಣ್ಣು ಅಂಟಿ ಹೊಳೆದರಂತೂ ಗಾಡಿಯನ್ನು ಹೊಲಕ್ಕೆ ಇಳಿಸಲೇಬೇಡಿ. ಹಸಿ ಮಣ್ಣಿನ ಮೇಲೆ ಎರಡು ಟನ್ ಗಾಡಿ ಓಡಿದರೆ ಚಕ್ರದ ಕೆಳಗೆ ಆಗುವ ಗಟ್ಟಿತನ ಮುಂದಿನ ಬೆಳೆಯವರೆಗೂ ಕಾಣುತ್ತದೆ.

ಕೆಮ್ಮಣ್ಣು ಮಳೆ ನಿಂತ ಒಂದೆರಡು ದಿನಕ್ಕೆ ಹದಕ್ಕೆ ಬರುತ್ತದೆ. ಎರೆಮಣ್ಣಿಗೆ ಜಾಸ್ತಿ ದಿನ ಬೇಕು, ಹದ ಉಳಿಯುವುದೂ ಕಮ್ಮಿ ಹೊತ್ತು.

ಹೆಜ್ಜೆ 3: ಫೋನಿನಲ್ಲಿ ಏನು ಹೇಳಬೇಕು

"ಗೋವಿನಜೋಳದ ಹೊಲ, ಎರಡು ಎಕರೆ, ಕೂಳೆ ಇದೆ, ಕಲ್ಲಿಲ್ಲ, ಸಡಿಲ ಮಾಡಬೇಕು, ಅಡ್ಡ ಉದ್ದ ಎರಡು ಸಲ. ಗೇಟು ಎಂಟಡಿ." ಇಷ್ಟು ಹೇಳಿದರೆ ಎದುರಿನವರು ಹೆಸರು ಏನು ಬೇಕಾದರೂ ಇಟ್ಟುಕೊಳ್ಳಲಿ, ಸರಿಯಾದದ್ದೇ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಸಲಕರಣೆಯ ಒಂದು ಫೋಟೊ ತರಿಸಿಕೊಂಡರೆ ಇನ್ನೂ ಕ್ಷೇಮ.

ಲೆಕ್ಕವನ್ನೂ ಆಗಲೇ ಮಾತಾಡಿ. ಎಕರೆ ಲೆಕ್ಕವೋ ಗಂಟೆ ಲೆಕ್ಕವೋ? ಗಂಟೆಯೆಂದರೆ ವಾಚಿನದೋ ಗಾಡಿ ಮೀಟರಿನದೋ? ಹಳೆ ಮೀಟರ್‌ಗಳು ಎಂಜಿನ್ ಓಡುವ ವೇಗದ ಮೇಲೆ ತಿರುಗುತ್ತವೆ, ವಾಚಿಗೆ ತಾಳೆಯಾಗುವುದಿಲ್ಲ. ಸುಮಾರು ಹೊತ್ತು ನೀವೇ ಲೆಕ್ಕ ಹಾಕಬಹುದು. ಐದು ಅಡಿ ರೋಟರ್, ಗಂಟೆಗೆ 3 ಕಿಲೋಮೀಟರ್ ವೇಗ, ತಿರುಗುವುದಕ್ಕೆ ಐದನೇ ಒಂದು ಪಾಲು ಹೊತ್ತು ಕಳೆದರೆ ಒಂದು ಎಕರೆಗೆ ಒಂದು ಗಂಟೆ ಹತ್ತು ನಿಮಿಷದ ಹತ್ತಿರ ಬರುತ್ತದೆ. ಸಣ್ಣ ಗದ್ದೆಗಳಾದರೆ ತಿರುಗುವುದೇ ಜಾಸ್ತಿ, ಒಂದೂವರೆ ಗಂಟೆಗೆ ಬೇಜಾರು ಮಾಡಿಕೊಳ್ಳಬೇಡಿ.

ಬಾಡಿಗೆಗೆ ಸಿಗದಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಕೊಳ್ಳುವ ಯೋಚನೆ ಇದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಸಬ್ಸಿಡಿ ಪಟ್ಟಿ ನೋಡಿಕೊಂಡೇ ಮುಂದುವರಿಯಿರಿ.

ಹೆಜ್ಜೆ 4: ಕಟ್ಟುವುದು

ಸ್ವಂತ ಗಾಡಿ ಇರುವವರಿಗೆ ಈ ಮಾತು. ಸಲಕರಣೆಯನ್ನು ಮಟ್ಟ ನೆಲದಲ್ಲಿಟ್ಟು ಹಿಂದಕ್ಕೆ ಬನ್ನಿ. ಮೊದಲು ಎಡಗಡೆಯ ಕೆಳಗಿನ ತೋಳು, ಆಮೇಲೆ ಬಲಗಡೆಯದ್ದು, ಕೊನೆಗೆ ಮೇಲಿನ ಟಾಪ್‌ಲಿಂಕ್. ಬಲಗಡೆಯದ್ದಕ್ಕೆ ಏರಿಸಿ ಇಳಿಸುವ ಹಿಡಿ ಇರುತ್ತದೆ, ಅದಕ್ಕೇ ಅದು ಎರಡನೆಯದು. ಬಿಚ್ಚುವಾಗ ಇದರ ಉಲ್ಟಾ. ತೋಳು ಕಳಚದಂತೆ ಹಾಕುವ ಲಿಂಚ್ ಪಿನ್ ಬದಲು ಮೊಳೆ ಬಗ್ಗಿಸಿ ಹಾಕುವ ಚಾಳಿ ನಮ್ಮಲ್ಲಿ ಇದೆ, ಅದು ಬೇಡ.

ಎಂಬಿ, ಕಲ್ಟಿವೇಟರ್‌ಗೆ ಡ್ರಾಫ್ಟ್ ಕಂಟ್ರೋಲ್, ಅಂದರೆ ಎಳೆತದ ಭಾರಕ್ಕೆ ತಕ್ಕಂತೆ ಸಲಕರಣೆ ತಾನೇ ಏರಿಳಿಯುವಂಥದ್ದು. ರೋಟರ್‌ಗೆ ಪೊಸಿಷನ್ ಕಂಟ್ರೋಲ್, ಅಂದರೆ ಇಟ್ಟ ಎತ್ತರದಲ್ಲೇ ಹಿಡಿದು ನಿಲ್ಲಿಸುವಂಥದ್ದು. ಎರಡು ಲಿವರ್‌ಗಳಲ್ಲಿ ಯಾವುದು ಯಾವುದೆಂದು ಒಮ್ಮೆ ಕಲಿತುಕೊಂಡರೆ ಅರ್ಧ ಡ್ರೈವರ್ ಆದ ಹಾಗೆ.

ಪಿಟಿಒ ಶಾಫ್ಟ್‌ನ ಮುಚ್ಚಳ ಇಲ್ಲದಿದ್ದರೆ ಕೆಲಸ ಬೇಡ. ಅದು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಪಂಚೆಯ ಅಂಚು, ಟವೆಲ್, ಸೀರೆಯ ಸೆರಗು ಒಮ್ಮೆ ಸಿಕ್ಕರೆ ಬಿಡಿಸಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಭಾರಕ್ಕೆಂದು ರೋಟರ್ ಮೇಲೆ ಹುಡುಗರನ್ನು ನಿಲ್ಲಿಸುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಹೆಜ್ಜೆ 5: ಮೊದಲ ಹತ್ತು ಮಾರು

ಹತ್ತು ಮಾರು ಓಡಿಸಿ ನಿಲ್ಲಿಸಿ, ಇಳಿದು ನೋಡಿ. ಕಲ್ಟಿವೇಟರ್‌ನ ಮುಂದಿನ ಸಾಲಿನ ಹಲ್ಲು ಆಳಕ್ಕೆ ಹೋಗಿ ಹಿಂದಿನವು ಮೇಲೆ ತೇಲುತ್ತಿದ್ದರೆ ಟಾಪ್‌ಲಿಂಕ್ ಗಿಡ್ಡವಾಗಿದೆ, ಸ್ವಲ್ಪ ಉದ್ದ ಮಾಡಿ. ಹಿಂದಿನವು ಆಳವಾದರೆ ಗಿಡ್ಡ ಮಾಡಿ. ಒಂದು ಪಕ್ಕ ಮಾತ್ರ ಆಳವಿದ್ದರೆ ಬಲಗಡೆಯ ಹಿಡಿ ತಿರುಗಿಸಿ.

ರೋಟರ್ ಅನ್ನು ಮಣ್ಣಿನೊಳಗೆ ಇಳಿಸಿಟ್ಟು ಪಿಟಿಒ ಹಾಕಬೇಡಿ. ನೆಲದಿಂದ ಸ್ವಲ್ಪ ಎತ್ತಿ, ತಿರುಗಲು ಬಿಟ್ಟು, ಗಾಡಿ ಹೊರಟಮೇಲೆ ಮೆಲ್ಲಗೆ ಇಳಿಸಿ. ತಿರುಗಿಸುವಾಗ ಎತ್ತಿ. ಆದರೆ ತೀರ ಮೇಲಕ್ಕೆ ಎತ್ತಿದರೆ ಶಾಫ್ಟ್‌ನ ಜಾಯಿಂಟ್ ಕಟಕಟ ಬಡಿಯುತ್ತದೆ. ಹಿಂದಿನ ತಗಡಿನ ಬಾಗಿಲು ಇಳಿಸಿದರೆ ಮಣ್ಣು ನುಣ್ಣಗೆ, ಎತ್ತಿದರೆ ದಪ್ಪ ಹೆಂಟೆ. ಮಳೆಗಾಲದ ಮೊದಲ ಉಳುಮೆಗೆ ನಾನು ಅರ್ಧ ಎತ್ತಿಯೇ ಬಿಡುತ್ತೇನೆ.

ಇಳಿಜಾರಿದ್ದರೆ ಅಡ್ಡಕ್ಕೆ ಉಳಿ. ಮೇಲಿಂದ ಕೆಳಕ್ಕೆ ಉತ್ತರೆ ಪ್ರತಿ ಸಾಲೂ ನೀರಿಗೆ ಕಾಲುವೆ. ತೀರ ಕಡಿದಾದ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಟ್ರ್ಯಾಕ್ಟರ್ ಅಡ್ಡ ಓಡಿಸಿದರೆ ಮಗುಚುತ್ತದೆ. ಅಂಥ ನೆಲ ಉಳುವುದಕ್ಕೆ ಅಲ್ಲವೇ ಅಲ್ಲ, ಹುಲ್ಲಿಗೆ ಬಿಡಿ.

ಹೆಜ್ಜೆ 6: ಬೆಳೆಗೆ ತಕ್ಕ ಸರದಿ

ಭತ್ತದ ಗದ್ದೆ. ಭರಣಿ, ಕೃತ್ತಿಕೆಯ ಮಳೆ ಬಿದ್ದ ಹದಕ್ಕೆ ಒಂದು ಒಣ ಹೂಟಿ, ಕಲ್ಟಿವೇಟರ್ ಸಾಕು. ಗೊಬ್ಬರ, ಸೊಪ್ಪು ಹರಡಿ ಮತ್ತೊಂದು ಸಲ. ನೀರು ನಿಂತಮೇಲೆ ಕೇಜ್‌ವೀಲ್ ಕಟ್ಟಿ ಅಥವಾ ರೋಟರ್‌ನಿಂದ ಕೆಸರು ಹೊಡೆಯುವುದು, ಎರಡು ಬಾರಿ. ಆಮೇಲೆ ಹಲಗೆ. ಒಂದು ದಿನ ಕೆಸರು ಕೂರಲು ಬಿಟ್ಟು ನಾಟಿ. ಅಂಚು ಕಡಿದು ಮೆತ್ತುವುದು ಕೈಕೆಲಸವೇ, ಟಿಲ್ಲರ್ ಮೂಲೆಗೆ ಮುಟ್ಟುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಗದ್ದೆಗೆ ಎಂಬಿ ನೇಗಿಲು ಹಾಕಬೇಡಿ. ವರ್ಷಾನುಗಟ್ಟಲೆ ಕೆಸರು ಹೊಡೆದು ಆರೆಂಟು ಇಂಚಿನ ಕೆಳಗೆ ಒಂದು ಗಟ್ಟಿ ಪದರ ಕೂತಿರುತ್ತದೆ. ಹೊಲಕ್ಕೆ ಅದು ಶತ್ರು, ಗದ್ದೆಗೆ ಅದೇ ತಳ. ಅದು ಇರುವುದಕ್ಕೇ ನೀರು ನಿಲ್ಲುವುದು, ಗಾಡಿ ಹೂತುಹೋಗದೆ ನಡೆಯುವುದು. ಅದನ್ನು ಒಡೆದರೆ ಬೆಳಿಗ್ಗೆ ಬಿಟ್ಟ ನೀರು ಸಂಜೆಗೆ ಇರುವುದಿಲ್ಲ.

ಮೆಕ್ಕೆಜೋಳ. ಇದಕ್ಕೆ ಲೆಕ್ಕ ಪೂರ್ತಿ ಉಲ್ಟಾ. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಪಲ್ಟಿ ಹೊಡೆಸಿ ಬಿಸಿಲಿಗೆ ಬಿಡಿ. ಗಟ್ಟಿ ಪದರ ಒಡೆಯುತ್ತದೆ, ಇನ್ನೊಂದು ಲಾಭವೂ ಇದೆ. ಫಾಲ್ ಆರ್ಮಿವರ್ಮ್ ಅನ್ನುವ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡಿದ್ದೇ 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದ ಮೆಕ್ಕೆಜೋಳದ ತಾಕಿನಲ್ಲಿ. ಅದರ ಕೋಶ ಇರುವುದು ಮಣ್ಣಿನಲ್ಲಿ, ಒಂದರಿಂದ ಮೂರು ಇಂಚು ಆಳದಲ್ಲಿ. ಮಗುಚಿದರೆ ಬಿಸಿಲು ಸುಡುತ್ತದೆ, ನೇಗಿಲ ಹಿಂದೆ ಬರುವ ಬೆಳ್ಳಕ್ಕಿ ಹೆಕ್ಕುತ್ತವೆ. ರೋಹಿಣಿ ಮಳೆಗೆ ಕಲ್ಟಿವೇಟರ್ ಅಡ್ಡ ಉದ್ದ, ಬೇಕಿದ್ದರೆ ಒಂದು ತೆಳು ರೋಟರ್. ಸಾಲಿಂದ ಸಾಲಿಗೆ ಎರಡು ಅಡಿ ಬಿಟ್ಟು ಕೂರಿಗೆಯಿಂದ ಬಿತ್ತನೆ. ಮೂರು ವಾರಕ್ಕೆ ಎಡೆ ಹೊಡೆಯುವುದು. ಎರಡನೇ ಎಡೆಯಲ್ಲಿ ಬುಡಕ್ಕೆ ಮಣ್ಣು ಏರಿಸಿಬಿಡಿ, ಗಾಳಿಗೆ ಬೀಳುವುದಿಲ್ಲ.

ಶುಂಠಿ. ನೆಲ ಒಂದಡಿ ಸಡಿಲವಿರಬೇಕು, ನೀರು ಮಾತ್ರ ಒಂದು ಗಳಿಗೆಯೂ ನಿಲ್ಲಬಾರದು. ಡಿಸ್ಕ್ ಅಥವಾ ಎಂಬಿ, ಕಲ್ಟಿವೇಟರ್, ರೋಟರ್, ಆಮೇಲೆ ಏರುಮಡಿ. ಮಡಿ ಮೂರು ಅಡಿ ಚಿಲ್ಲರೆ ಅಗಲ, ಅರ್ಧದಿಂದ ಒಂದು ಅಡಿ ಎತ್ತರ, ನಡುವೆ ಬಸಿಗಾಲುವೆ.

ಅಡಿಕೆ ತೋಟ. ಇಲ್ಲಿ ಕೈ ಬಿಗಿ ಹಿಡಿಯಿರಿ. ಅಡಿಕೆಯ ಬೇರು ಬಹುಪಾಲು ಬುಡದ ಸುತ್ತ ಮೂರು ಅಡಿಯೊಳಗೆ, ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತದೆ. ರೋಟರ್ ಹತ್ತಿರ ಹೋದರೆ ಬೇರು ತುಂಡಾಗುತ್ತದೆ, ತುಂಡಾದ ಜಾಗದಿಂದ ರೋಗ ಒಳಹೊಗುತ್ತದೆ. ಕಳೆಗೆ ಬ್ರಷ್ ಕಟರ್ ಸಾಕು. ಉಳಲೇಬೇಕೆಂದರೆ ಸಾಲಿನ ನಡುಮಧ್ಯ ಮಾತ್ರ, ಎರಡು ಇಂಚಿಗಿಂತ ಆಳ ಬೇಡ. ಕಾದಿಗೆಯ, ಅಂದರೆ ತೋಟದ ಬಸಿಗಾಲುವೆಯ ಅಂಚು ಕುಸಿಯದ ಹಾಗೆ ನೋಡಿಕೊಳ್ಳಿ.

ಹೆಜ್ಜೆ 7: ತೊಳೆಯುವುದು, ಎತ್ತಿಡುವುದು

ಬಾಡಿಗೆ ಗಾಡಿ ಶುಂಠಿ ಕೊಳೆರೋಗ ಬಂದ ಹೊಲದಿಂದ ನೇರ ನಿಮ್ಮ ಹೊಲಕ್ಕೆ ಬಂದರೆ ಕೊಳೆಯೂ ಜೊತೆಗೇ ಬರುತ್ತದೆ. ಬ್ಲೇಡಿನ ಸಂದಿಯ ಒಂದು ಹಿಡಿ ಮಣ್ಣು ಸಾಕು. "ಹಿಂದಿನ ಕೆಲಸ ಎಲ್ಲಿತ್ತು?" ಅಂತ ಕೇಳಿ, ಪೈಪ್ ಹಿಡಿದು ಚಕ್ರ, ಬ್ಲೇಡು ತೊಳೆಸಿಯೇ ಒಳಗೆ ಬಿಡಿ. ಡ್ರೈವರ್ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಸ್ವಂತದ್ದಾದರೆ ಮಳೆಗಾಲ ಮುಗಿದಮೇಲೆ ಮಣ್ಣು ಕೆರೆದು, ಒಣಗಿಸಿ, ಗುಳ, ತಟ್ಟೆಗಳಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯಿರಿ. ನಮ್ಮ ಹವೆಗೆ ಹೊಳೆಯುವ ಗುಳ ಹದಿನೈದು ದಿನದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕಿನ ರೆಕ್ಕೆಗೆ ಮಣ್ಣು ಅಂಟಿ ಮಗುಚುವುದೇ ಇಲ್ಲ. ರೋಟರ್ ಗೇರ್‌ಬಾಕ್ಸ್‌ಗೆ 90 ನಂಬರ್ ಆಯಿಲ್ ಮಟ್ಟ ನೋಡಿ. ಬ್ಲೇಡು ಬದಲಿಸುವಾಗ ಎಂಜಿನ್ ಆರಿಸಿ ಕೀ ಜೇಬಿಗೆ ಹಾಕಿಕೊಳ್ಳಿ, ರೋಟರ್ ಕೆಳಗೆ ಮರದ ದಿಮ್ಮಿ ಕೊಡಿ, ಒಂದು ಬಿಚ್ಚಿದ ಜಾಗಕ್ಕೆ ಒಂದು ಹಾಕುತ್ತ ಹೋಗಿ. ಎಡ, ಬಲ ಎರಡು ಬಗೆಯ ಬ್ಲೇಡು ಇರುತ್ತವೆ. ತಿರುಗುವ ದಿಕ್ಕಿಗೆ ಚೂಪು ಅಂಚು ಮುಂದಿರಬೇಕು. ನಾನು ಒಮ್ಮೆ ಆರು ಬ್ಲೇಡು ಉಲ್ಟಾ ಹಾಕಿ, ಗಾಡಿ ಯಾಕೆ ಹೀಗೆ ಕುಣಿಯುತ್ತಿದೆ ಅಂತ ಅರ್ಧ ದಿನ ಟೈರಿನ ಗಾಳಿ ನೋಡುತ್ತ ಕೂತಿದ್ದೆ.